ಮನೆಗೆ ಆರ್‌ಸಿಸಿಬಿ ಹಾಕಿಸಿದ್ದು: ಸ್ವಿಚ್ಚಿಗೆ ಐದಕ್ಕೆ ನಾಲ್ಕೂವರೆ, ಅಂಗಡಿಗೆ ಎರಡು, ನಮ್ಮ ವೈರಿಂಗ್‌ಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಮೀಟರ್ ಬೋರ್ಡಿನಲ್ಲೋ ಡಿಬಿಯಲ್ಲೋ (ಮನೆಯೊಳಗೆ ಮೇನ್ ಸ್ವಿಚ್ಚುಗಳಿರುವ ಡಬ್ಬಿ) ಆರ್‌ಸಿಸಿಬಿ ಇಲ್ಲದಿದ್ದರೆ ಈ ತಿಂಗಳ ಖರ್ಚಿನಲ್ಲಿ ಅದನ್ನು ಸೇರಿಸಿ. ಕರೆಂಟ್ ಎಲ್ಲಾದರೂ ಸೋರಿದರೆ ತಾನಾಗೇ ಬಿದ್ದು ಲೈನ್ ಕತ್ತರಿಸುವ ಸ್ವಿಚ್ ಅದು. ಎರಡು ಸಾವಿರ ಚಿಲ್ಲರೆ ರೂಪಾಯಿ ಅಷ್ಟೇ. ಆದರೆ ತಂದು ಸಿಕ್ಕಿಸಿದರೆ ಕೆಲಸ ಮುಗೀತು ಅಂದುಕೊಳ್ಳಬೇಡಿ. ಹಳೇ ಮನೆಯಾದರೆ ಅದು ಮೊದಲ ದಿನವೇ ಟ್ರಿಪ್ ಆಗಲು (ಬೀಳಲು) ಶುರು ಮಾಡುತ್ತದೆ, ಎಲೆಕ್ಟ್ರಿಷಿಯನ್ "ಪೀಸ್ ಡಿಫೆಕ್ಟ್ ಸಾರ್" ಅನ್ನುತ್ತಾನೆ, ಮನೆಯವರು "ಇದೆಲ್ಲ ಯಾಕೆ ಬೇಕಿತ್ತು" ಅನ್ನುತ್ತಾರೆ, ಕೊನೆಗೆ ಅದನ್ನು ಬಿಚ್ಚಿ ಡೈರೆಕ್ಟ್ ಕೊಟ್ಟುಬಿಡುತ್ತಾರೆ. ನಮ್ಮ ಬೀದಿಯಲ್ಲೇ ಹೀಗೆ ಬಿಚ್ಚಿಸಿದ ಮನೆಗಳಿವೆ. ಹಾಗೆ ಬಿಚ್ಚಿದ ಪೀಸುಗಳಲ್ಲಿ ಹೆಚ್ಚಿನವು ಸರಿಯಾಗೇ ಇರುತ್ತವೆ. ಹಾಳಾಗಿರುವುದು ಮನೆಯ ವೈರಿಂಗ್.

ನಾನು ಹಾಕಿಸಿದ್ದು 40 ಆಂಪಿಯರ್, ಎರಡು ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದು), 30 ಮಿಲಿಆಂಪಿಯರ್‌ದು. ಮನೆ ಶಿವಮೊಗ್ಗದಲ್ಲಿ. ತೊಂಬತ್ತರ ದಶಕದ ವೈರಿಂಗ್, ಸಿಂಗಲ್ ಫೇಸ್. ಒಂದು ಗೀಸರ್, ಸಂಪ್ ಮೋಟರ್, ವಾಷಿಂಗ್ ಮಷಿನ್, ಫ್ರಿಡ್ಜ್, ಯುಪಿಎಸ್. ಕಂಪನಿ ಹೆಸರು ಬರೆಯುವುದಿಲ್ಲ. ಪೇಟೆಯಲ್ಲಿ ಸಿಗುವ ಹೆಸರಾಂತ ನಾಲ್ಕೈದು ಕಂಪನಿಗಳಲ್ಲಿ ಯಾವುದನ್ನು ತಗೊಂಡರೂ ನಾನು ಕೆಳಗೆ ಬರೆಯುವ ಕಥೆ ಬದಲಾಗುವುದಿಲ್ಲ.

ಅದರ ಕೆಲಸ ಸರಳ. ಒಳಗೆ ಉಂಗುರದಂಥ ಒಂದು ಕೋರ್ ಇದೆ. ಫೇಸ್, ನ್ಯೂಟ್ರಲ್ ಎರಡೂ ಅದರ ಮಧ್ಯೆ ಹಾದು ಹೋಗುತ್ತವೆ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಲೆಕ್ಕ ಸರಿ, ಸುಮ್ಮನಿರುತ್ತದೆ. ಸ್ವಲ್ಪ ಕರೆಂಟ್ ಬೇರೆ ದಾರಿ ಹಿಡಿದರೆ, ಅಂದರೆ ಗೀಸರ್ ಬಾಡಿಯಿಂದ ಅರ್ತ್ ತಂತಿಗೋ, ನಿಮ್ಮ ಕೈಯಿಂದ ಕಾಲಿಗೋ, ಒದ್ದೆ ಗೋಡೆಗೋ ಹೋದರೆ, ಲೆಕ್ಕ ತಪ್ಪುತ್ತದೆ. ಆ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸಬೇಕು. ಸ್ಟ್ಯಾಂಡರ್ಡ್ ಪ್ರಕಾರ 15ಕ್ಕಿಂತ ಕಮ್ಮಿ ಸೋರಿದರೆ ಸ್ವಿಚ್ ಬೀಳಬಾರದು, 30ಕ್ಕೆ ಬೀಳಲೇಬೇಕು. 30ರಲ್ಲಿ 300 ಮಿಲಿಸೆಕೆಂಡ್ ಒಳಗೆ, 150 ಮಿಲಿಆಂಪಿಯರ್ ಆದರೆ 40 ಮಿಲಿಸೆಕೆಂಡ್ ಒಳಗೆ.

30 ಯಾಕೆ? ಅರ್ಧ ಮಿಲಿಆಂಪಿಯರ್ ಆದರೆ ಚುರುಕ್ ಅನ್ನುತ್ತದೆ. 10ರ ಆಸುಪಾಸಿನಲ್ಲಿ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ, ಸ್ನಾಯು ಬಿಗಿಯುತ್ತದೆ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯದ ಬಡಿತವೇ ದಾರಿ ತಪ್ಪಬಹುದು. ಇಲ್ಲಿ ಒಂದು ವಿಷಯ ಗಮನಿಸಿ. ಆರ್‌ಸಿಸಿಬಿ ಕರೆಂಟನ್ನು 30ಕ್ಕೆ ತಡೆದು ನಿಲ್ಲಿಸುವುದಿಲ್ಲ. ಒದ್ದೆ ಕೈಯಲ್ಲಿ ಮುಟ್ಟಿದರೆ ಮೈಯಲ್ಲಿ 200 ಮಿಲಿಆಂಪಿಯರ್ ಬೇಕಾದರೂ ಹರಿದೀತು, ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹರಿಯುವುದಿಲ್ಲ. ಶಾಕ್ ಹೊಡೆಯುತ್ತದೆ, ಚೆನ್ನಾಗೇ ಹೊಡೆಯುತ್ತದೆ. ಜೀವ ಹೋಗುವುದಕ್ಕೆ ಮೊದಲು ಬಿಡಿಸುತ್ತದೆ, ಅಷ್ಟೇ ಅದರ ವಾಗ್ದಾನ.

ಅಮೆರಿಕದಲ್ಲಿರುವ ನಮ್ಮವರ ಮನೆಗೆ ಹೋದವರು ಬಚ್ಚಲಿನ ಸಾಕೆಟ್‌ನಲ್ಲಿ ಟೆಸ್ಟ್, ರೀಸೆಟ್ ಅಂತ ಎರಡು ಪುಟ್ಟ ಬಟನ್ ನೋಡಿರುತ್ತೀರಿ. ಅದೂ ಇದೇ ಜಾತಿ, ಆದರೆ 5 ಮಿಲಿಆಂಪಿಯರ್‌ಗೇ ಬೀಳುತ್ತದೆ. ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ಮಾಡಿದ್ದು, 1975ರ ಹೊತ್ತಿಗೆ ಅಲ್ಲಿನ ವೈರಿಂಗ್ ಕೋಡ್ ಬಚ್ಚಲಿಗೆ ಕಡ್ಡಾಯ ಮಾಡಿತು. ನಮ್ಮಲ್ಲೂ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ ಅರ್ತ್ ಲೀಕೇಜ್ ರಕ್ಷಣೆಯ ಮಾತಿದೆ, 2023ರಲ್ಲಿ ನಿಯಮಗಳನ್ನು ಹೊಸದಾಗಿ ಹೊರಡಿಸಿದ್ದೂ ಆಯ್ತು. ಹಳೇ ಮನೆಗಳ ಮೀಟರ್ ಬೋರ್ಡಿನಲ್ಲಿ ಮಾತ್ರ ಇನ್ನೂ ಪಿಂಗಾಣಿ ಫ್ಯೂಸು, ಅದರೊಳಗೆ ಯಾರೋ ಸುತ್ತಿದ ದಪ್ಪ ತಂತಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. "ನಮ್ಮನೇಲಿ ಅರ್ತ್ ಪಿಟ್ ಇದೆಯಲ್ಲ, ಎಂಸಿಬಿ ಇದೆಯಲ್ಲ, ಇದ್ಯಾಕೆ?" ಎಂಸಿಬಿ ಅಂದರೆ ಲೋಡು ಹೆಚ್ಚಾದರೆ, ಶಾರ್ಟ್ ಆದರೆ ಬೀಳುವ ಸ್ವಿಚ್. ಈ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ, ಮತ್ತು ಈ ಲೆಕ್ಕ ಮಾಡಿ ನೋಡಿದ ಮೇಲೇ ನಾನು ಅಂಗಡಿಗೆ ಹೋಗಿದ್ದು.

ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಕಂಬದಿಂದ ಬರುವುದು ಫೇಸ್ ಮತ್ತು ನ್ಯೂಟ್ರಲ್, ಎರಡೇ ತಂತಿ. ಅರ್ತ್ ನಮ್ಮದು ನಾವೇ ಮಾಡಿಕೊಳ್ಳಬೇಕು, ಅಂಗಳದಲ್ಲಿ ಗುಂಡಿ ತೋಡಿ. ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಹತ್ತಿರ ನ್ಯೂಟ್ರಲ್‌ಗೆ ಬೇರೆ ಅರ್ತ್ ಇರುತ್ತದೆ. ಗೀಸರ್ ಒಳಗೆ ಫೇಸ್ ತಂತಿ ಬಾಡಿಗೆ ತಗುಲಿತು ಅಂದುಕೊಳ್ಳಿ. ಕರೆಂಟ್ ಅರ್ತ್ ತಂತಿಯಲ್ಲಿ ನಮ್ಮ ಪಿಟ್‌ಗೆ ಇಳಿದು, ಮಣ್ಣಿನ ಮೂಲಕ ಟಿಸಿ ಅರ್ತ್‌ಗೆ ಹೋಗಿ ವಾಪಸ್ ಸೇರಬೇಕು. ಕರೆಂಟಿಗೆ ಒಡ್ಡುವ ತಡೆ ನಮ್ಮ ಪಿಟ್ 8 ಓಮ್, ಟಿಸಿ ಅರ್ತ್ 2 ಓಮ್ ಅಂತ ಹಿಡಿಯೋಣ. ಇದು ಚೆನ್ನಾಗಿರುವ ಮನೆಯ ಲೆಕ್ಕ. ಒಟ್ಟು 10 ಓಮ್, 230 ವೋಲ್ಟ್, ಅಂದರೆ 23 ಆಂಪಿಯರ್. 32 ಆಂಪಿಯರ್ ಎಂಸಿಬಿ ಇದನ್ನು ನೋಡಿ ಏನೂ ಮಾಡುವುದಿಲ್ಲ, ಅದರ ಮಟ್ಟಿಗೆ ಇದು ಮಾಮೂಲಿ ಲೋಡು. 16ರ ಎಂಸಿಬಿ ಕೂಡ ಬಿಸಿಯಾಗಿ ಬೀಳಲು ಗಂಟೆ ಹಿಡಿದರೂ ಹಿಡಿಯಬಹುದು. ಅಲ್ಲಿಯವರೆಗೆ ಗೀಸರ್ ಬಾಡಿ ಮೇಲೆ ಎಷ್ಟು ವೋಲ್ಟ್ ಇರುತ್ತದೆ ಗೊತ್ತಾ? 230ರಲ್ಲಿ ಹತ್ತರಲ್ಲಿ ಎಂಟು ಪಾಲು. 184 ವೋಲ್ಟ್.

ಇದಕ್ಕಿಂತ ಹೆದರಿಕೆ ಆಗಬೇಕಾದ್ದು ಇನ್ನೊಂದಿದೆ. ಮನೆಯ ಎಲ್ಲ ಅರ್ತ್ ತಂತಿಗಳೂ ಒಂದೇ ಕಡೆ ಸೇರುತ್ತವೆ ಅಲ್ವಾ? ಹಾಗಾಗಿ ಆ 184 ವೋಲ್ಟ್ ಗೀಸರ್ ಮೇಲೆ ಮಾತ್ರ ಇರುವುದಿಲ್ಲ. ಅಡುಗೆಮನೆಯ ಫ್ರಿಡ್ಜ್ ಬಾಗಿಲಿಗೂ, ಹಿತ್ತಿಲ ವಾಷಿಂಗ್ ಮಷಿನ್‌ಗೂ, ಅರ್ತ್ ಕೊಟ್ಟಿರುವ ಪ್ರತಿಯೊಂದು ಕಬ್ಬಿಣಕ್ಕೂ ಬರುತ್ತದೆ. ಕೆಟ್ಟಿರುವುದು ಗೀಸರ್, ಶಾಕ್ ಹೊಡೆಯುವುದು ಫ್ರಿಡ್ಜು.

ನಮ್ಮ ಮನೆ ಪಿಟ್ ಅಳೆಸಿದಾಗ ಬಂದಿದ್ದು 38 ಓಮ್. ಅದರಲ್ಲಿ ಲೆಕ್ಕ ಹಾಕಿದರೆ 5.75 ಆಂಪಿಯರ್. ಲೈಟಿಗೆ ಹಾಕುವ 6 ಆಂಪಿಯರ್ ಎಂಸಿಬಿಯನ್ನೂ ಅದು ಬೀಳಿಸುವುದಿಲ್ಲ. ಬಾಡಿ ಮೇಲೆ 218 ವೋಲ್ಟ್. ಇಷ್ಟು ವರ್ಷ ನಾವು ಅರ್ತ್ ಇದೆ ಅಂತ ನೆಮ್ಮದಿಯಾಗಿ ಸ್ನಾನ ಮಾಡಿದ್ದು ಈ ಪಿಟ್ ನಂಬಿಕೊಂಡು. ಇದೇ 5.75 ಆಂಪಿಯರ್ ಆರ್‌ಸಿಸಿಬಿಗೆ ಅದರ ಮಿತಿಯ 190 ಪಟ್ಟು. ಅಲ್ಲೇ, ಆಗಲೇ ಬೀಳುತ್ತದೆ. ಬಾಡಿ ಮೇಲೆ 50 ವೋಲ್ಟ್ ದಾಟಬಾರದು ಅಂತ ಇಟ್ಟುಕೊಂಡರೆ 30 ಮಿಲಿಆಂಪಿಯರ್ ಆರ್‌ಸಿಸಿಬಿಗೆ ಲೆಕ್ಕದ ಪ್ರಕಾರ 1,600 ಓಮ್ ಪಿಟ್ ಕೂಡ ನಡೆಯುತ್ತದೆ. ಅಷ್ಟು ಕೆಟ್ಟ ಪಿಟ್ ಇಟ್ಟುಕೊಳ್ಳಿ ಅಂತಲ್ಲ. ಎರಡರಲ್ಲಿ ಕೆಲಸ ಮಾಡುವುದು ಯಾವುದು ಅಂತ ತಿಳಿಯಲಿ ಅಂತ ಹೇಳಿದೆ.

ಹಾಗಂತ ಅರ್ತ್ ಬೇಡವೇ? ಬೇಕು. ಅರ್ತ್ ತಂತಿ ಇದ್ದರೆ ತಂತಿ ಬಾಡಿಗೆ ತಗುಲಿದ ಕ್ಷಣವೇ ಸ್ವಿಚ್ ಬೀಳುತ್ತದೆ, ಮನೆಯಲ್ಲಿ ಯಾರೂ ಎದ್ದಿರದಿದ್ದರೂ. ಅರ್ತ್ ಇಲ್ಲದಿದ್ದರೆ ಯಾರಾದರೂ ಹೋಗಿ ಮುಟ್ಟುವವರೆಗೆ ಕಾಯುತ್ತದೆ. ಟೆಸ್ಟಿಂಗ್ ಯಂತ್ರ ನೀವೇ ಆಗುತ್ತೀರಿ.

ಸರಿ, ಅಂಗಡಿ. ಊರಿನ ದೊಡ್ಡ ಎಲೆಕ್ಟ್ರಿಕಲ್ ಅಂಗಡಿ, ಹೆಸರು ಬೇಡ. "ಮನೆಗೆ ಆರ್‌ಸಿಸಿಬಿ ಕೊಡಿ" ಅಂದೆ. ಕೌಂಟರ್‌ನಲ್ಲಿದ್ದ ಹುಡುಗ ಹಿಂದೆ ಮುಂದೆ ನೋಡದೆ 63 ಆಂಪಿಯರ್, 100 ಮಿಲಿಆಂಪಿಯರ್ ಪೀಸ್ ತಂದಿಟ್ಟ. "30ರದ್ದು ಯಾಕೆ ಸಾರ್, ಸುಮ್ನೆ ಟ್ರಿಪ್ ಆಗ್ತಾನೇ ಇರ್ತದೆ, ಕಂಪ್ಲೇಂಟ್ ಬರ್ತದೆ, ನಾವು ಇದನ್ನೇ ಕೊಡೋದು" ಅಂದ. ಮಾಲೀಕರೂ ತಲೆ ಆಡಿಸಿದರು. ನೋಡಿ, 100 ಮತ್ತು 300 ಮಿಲಿಆಂಪಿಯರ್‌ದು ಇರುವುದು ವೈರಿಂಗ್ ಸೋರಿಕೆಯಿಂದ ಬೆಂಕಿ ಹತ್ತದಿರಲಿ ಅಂತ, ದೊಡ್ಡ ಕಟ್ಟಡದ ಮೇನ್‌ನಲ್ಲಿ ಹಾಕಲಿಕ್ಕೆ. ಮನುಷ್ಯನ ಜೀವಕ್ಕೆ 30 ಬೇಕು. ಕಂಪ್ಲೇಂಟ್ ಬರಬಾರದು ಅಂತ ಜೀವ ಉಳಿಸದ ಪೀಸ್ ಮಾರುವುದಕ್ಕೇ ನಾನು ಐದರಲ್ಲಿ ಎರಡು ಕೊಟ್ಟಿದ್ದು. ಆ ಎರಡೂ ಬಿಲ್ಲು ಕೇಳದೆ ಕೊಟ್ಟರು, ವಾರಂಟಿ ಕಾರ್ಡಿಗೆ ಸೀಲು ಹಾಕಿದರು ಅನ್ನುವುದಕ್ಕೆ.

ಕೇಳಿ ಕೇಳಿ ಒಳಗಿನ ರ‍್ಯಾಕ್‌ನಿಂದ 30ರದ್ದು ತರಿಸಿದೆ. ಪೀಸ್ ಕೈಗೆ ಬಂದಾಗ ಮುಖದ ಮೇಲೆ ಏನು ಅಚ್ಚಾಗಿದೆ ಓದಿ. 0.03 ಆಂಪಿಯರ್ ಅಂತ ಇರಬೇಕು. ಐಎಸ್ 12640 (ಇದಕ್ಕಿರುವ ಭಾರತೀಯ ಸ್ಟ್ಯಾಂಡರ್ಡಿನ ನಂಬರ್) ಮತ್ತು ಐಎಸ್‌ಐ ಗುರುತು ಇರಬೇಕು. ಒಂದು ಚಿಕ್ಕ ಚೌಕದಲ್ಲಿ ಅಲೆಯ ಚಿತ್ರ ಇರುತ್ತದೆ. ಬರೀ ಒಂದು ಅಲೆ ಇದ್ದರೆ ಅದು ಎಸಿ ಟೈಪ್. ಅಲೆಯ ಕೆಳಗೆ ಅರ್ಧ ಅರ್ಧ ಗುಡ್ಡದಂಥ ಗೆರೆ ಕೂಡ ಇದ್ದರೆ ಎ ಟೈಪ್. ಈಗಿನ ವಾಷಿಂಗ್ ಮಷಿನ್, ಇಂಡಕ್ಷನ್ ಒಲೆ, ಇನ್ವರ್ಟರ್ ಏಸಿ, ಕಂಪ್ಯೂಟರ್ ಇವೆಲ್ಲದರ ಒಳಗೆ ಎಲೆಕ್ಟ್ರಾನಿಕ್ಸ್ ಇದೆ, ಅವುಗಳಲ್ಲಿ ಸೋರುವ ಕರೆಂಟ್ ನೇರ ಅಲೆಯಾಗಿ ಇರದೇ ತುಂಡು ತುಂಡಾಗಿ ಇರಬಹುದು. ಎಸಿ ಟೈಪ್ ಅದನ್ನು ಗುರುತಿಸದೇ ಹೋಗಬಹುದು, ಎ ಟೈಪ್ ಗುರುತಿಸುತ್ತದೆ. ಕೌಂಟರ್‌ನಲ್ಲಿ ಈ ವ್ಯತ್ಯಾಸ ಕೇಳಿದರೆ "ಏಸಿಗೆ ಎಸಿ ಟೈಪ್ ಹಾಕಿ" ಅಂತ ಉತ್ತರ ಬಂತು. ನಗಬೇಕೋ ಅಳಬೇಕೋ. ನಮಗೆ ಸಿಕ್ಕಿದ್ದು ಎ ಟೈಪ್, ಸ್ವಲ್ಪ ದುಬಾರಿ, 2,350 ರೂಪಾಯಿ.

ಇನ್ನೊಂದು ವಿಷಯ, 40 ಆಂಪಿಯರ್ ಅಂತ ಬರೆದಿದೆ ಅಂತ ಅದು 40ಕ್ಕೆ ಬೀಳುತ್ತದೆ ಅಂದುಕೊಳ್ಳಬೇಡಿ. ಅದು ತಡೆದುಕೊಳ್ಳುವ ಶಕ್ತಿ ಮಾತ್ರ. ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಅದರ ಕೆಲಸವೇ ಅಲ್ಲ, ಅದಕ್ಕೆ ಎಂಸಿಬಿ ಜೊತೆಯಲ್ಲೇ ಇರಬೇಕು. ಎರಡೂ ಒಂದರಲ್ಲೇ ಬೇಕು ಅಂದರೆ ಆರ್‌ಸಿಬಿಒ ಸಿಗುತ್ತದೆ, ಬೆಲೆ ಇನ್ನೂ ಮೇಲೆ. ಹಳಬರು ಇಎಲ್‌ಸಿಬಿ ಅಂತ ಕೇಳುತ್ತಾರೆ, ಅಂಗಡಿಯವರೂ ಅದೇ ಹೆಸರಲ್ಲಿ ಇದನ್ನೇ ಕೊಡುತ್ತಾರೆ. ನಿಜವಾದ ಹಳೇ ಇಎಲ್‌ಸಿಬಿ ವೋಲ್ಟೇಜ್ ನೋಡಿ ಬೀಳುತ್ತಿತ್ತು, ಅರ್ತ್ ತಂತಿ ಕಟ್ ಆಗಿದ್ದರೆ ಸುಮ್ಮನೆ ಕೂತಿರುತ್ತಿತ್ತು. ನಿಮ್ಮ ಬೋರ್ಡಿನಲ್ಲಿ ಅಂಥದ್ದು ಇನ್ನೂ ಇದ್ದರೆ ನಂಬಬೇಡಿ.

ಈಗ ಹಾಕಿಸಿದ ಕಥೆ. ನಮ್ಮ ಮಾಮೂಲಿ ಎಲೆಕ್ಟ್ರಿಷಿಯನ್ ಬರಲಿಲ್ಲ, "ಹಳೇ ಮನೆಗೆ ಅದೆಲ್ಲ ಸೆಟ್ ಆಗಲ್ಲ" ಅಂದುಬಿಟ್ಟರು. ಲೈಸೆನ್ಸ್ ಇರುವ ಇನ್ನೊಬ್ಬರು ಬಂದರು, ಐವತ್ತರ ಆಸುಪಾಸು, ಮಾತು ಕಮ್ಮಿ. ಮೆಗ್ಗರ್ (ತಂತಿಯ ಇನ್ಸುಲೇಷನ್ ಅಳೆಯುವ ಯಂತ್ರ) ತಂದಿದ್ದು ನೋಡಿಯೇ ನನಗೆ ಅರ್ಧ ಸಮಾಧಾನ. ಮೇನ್ ಆಫ್ ಮಾಡಿ, ಆರ್‌ಸಿಸಿಬಿ ಕೂರಿಸಿ, ಆನ್ ಮಾಡಿದರು. ನಿಂತಿತು. ಹಾಲ್ ಲೈಟ್ ಹಾಕಿದರೆ ಟಕ್ ಅಂತ ಬಿತ್ತು.

ಕಾರಣ ಯುಪಿಎಸ್. ಯಾವುದೋ ಕಾಲದಲ್ಲಿ ಯಾರೋ ಯುಪಿಎಸ್‌ಗೆ ಮೀಟರ್ ಬೋರ್ಡಿನಿಂದಲೇ ಡೈರೆಕ್ಟ್ ಲೈನ್ ಎಳೆದಿದ್ದರು. ಅದರ ಔಟ್‌ಪುಟ್ ಫೇಸ್ ಲೈಟುಗಳಿಗೆ ಹೋಗುತ್ತದೆ, ಆದರೆ ಆ ಲೈಟುಗಳ ನ್ಯೂಟ್ರಲ್ ಡಿಬಿಯಲ್ಲಿ ಎಲ್ಲ ನ್ಯೂಟ್ರಲ್ ತಂತಿ ಕೂಡುವ ಲಿಂಕ್‌ಗೆ ಬಂದು ಸೇರುತ್ತದೆ. ಅಂದರೆ ಫೇಸ್ ಆರ್‌ಸಿಸಿಬಿಯ ಹೊರಗಿನಿಂದ ಹೋಗಿ ನ್ಯೂಟ್ರಲ್ ಒಳಗಿನಿಂದ ವಾಪಸ್. ಲೆಕ್ಕ ಹೇಗೆ ಸರಿಹೋಗಬೇಕು? 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬೇ 40 ಮಿಲಿಆಂಪಿಯರ್ ಹತ್ತಿರ ಎಳೆಯುತ್ತದೆ. ಒಂದು ಬಲ್ಬ್ ಸಾಕು ಬೀಳಿಸಲಿಕ್ಕೆ. "ಪೀಸ್ ಡಿಫೆಕ್ಟ್" ಅನ್ನುವುದು ಹೆಚ್ಚಾಗಿ ಇಲ್ಲೇ. ಇವರು ಯುಪಿಎಸ್ ಇನ್‌ಪುಟ್ ಅನ್ನು ಆರ್‌ಸಿಸಿಬಿಯ ನಂತರಕ್ಕೆ ತಂದರು, ಲೈಟ್ ಸರಿಹೋಯಿತು.

ಆಮೇಲೆ ಮತ್ತೆ ಬಿತ್ತು. ಈ ಸಲ ಎಲ್ಲ ಎಂಸಿಬಿ ಆಫ್ ಮಾಡಿದರೂ ಯುಪಿಎಸ್ ಪ್ಲಗ್ ಕಿತ್ತರೂ ಒಮ್ಮೊಮ್ಮೆ ಬೀಳುತ್ತಿತ್ತು. ಇದು ತಲೆ ಕೆಡಿಸುವ ಜಾಗ. ಎಂಸಿಬಿ ಎಲ್ಲ ಆಫ್, ಆದರೂ ಯಾಕೆ? ಮನೆಯ ಸಿಂಗಲ್ ಪೋಲ್ ಎಂಸಿಬಿ ಕತ್ತರಿಸುವುದು ಫೇಸ್ ಮಾತ್ರ. ನ್ಯೂಟ್ರಲ್ ಎಲ್ಲಾದರೂ ಅರ್ತ್‌ಗೆ ತಾಗುತ್ತಿದ್ದರೆ ಎಂಸಿಬಿ ಆಫ್ ಮಾಡಿ ಪ್ರಯೋಜನ ಇಲ್ಲ, ನ್ಯೂಟ್ರಲ್‌ನಲ್ಲಿ ಇರುವ ಒಂದೆರಡು ವೋಲ್ಟೇ ಆ ದಾರಿಯಲ್ಲಿ ಕರೆಂಟ್ ನೂಕುತ್ತದೆ. ಆಗ ಮಾಡಬೇಕಾದ್ದು ಒಂದೇ, ಮೇನ್ ಆಫ್ ಮಾಡಿ ನ್ಯೂಟ್ರಲ್ ಲಿಂಕ್‌ನಿಂದ ಒಂದೊಂದೇ ಕಪ್ಪು ತಂತಿ ಬಿಚ್ಚಿ ಮೆಗ್ಗರ್‌ನಲ್ಲಿ ಅರ್ತ್‌ಗೆ ಹಿಡಿದು ನೋಡುವುದು. ಇವರು ಸ್ಟೂಲ್ ಮೇಲೆ ನಿಂತು ಅದನ್ನೇ ಮಾಡಿದರು, ಬಿಚ್ಚಿದ ಪ್ರತಿ ತಂತಿಗೂ ಇನ್ಸುಲೇಷನ್ ಟೇಪ್ ಸುತ್ತಿ ಪೆನ್ನಿನಲ್ಲಿ ನಂಬರ್ ಬರೆದುಕೊಂಡು. ಪೋರ್ಟಿಕೋ ಲೈಟಿನ ತಂತಿ ಸಿಕ್ಕಿತು. ಅಲ್ಲಿನ ಲೋಹದ ಡಬ್ಬಿಯ ಮುಚ್ಚಳದ ಸ್ಕ್ರೂ ನ್ಯೂಟ್ರಲ್ ತಂತಿಯ ಸಿಪ್ಪೆ ಕೊರೆದು ಒಳಗೆ ಹೋಗಿತ್ತು. ಮಳೆ ನೀರು ಇಳಿದು ಡಬ್ಬಿಯ ತಳ ಪೂರಾ ತುಕ್ಕು. ಇದು ಯಾವತ್ತಿನಿಂದ ಹಾಗಿತ್ತೋ, ಆರ್‌ಸಿಸಿಬಿ ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ಮೂರನೆಯದು ಗೀಸರ್. ಎಲಿಮೆಂಟ್ ಒಳಗೆ ತೇವ ಸೇರಿತ್ತು. 500 ವೋಲ್ಟ್ ಮೆಗ್ಗರ್ ಹಿಡಿದರೆ ಮೆಗಾ ಓಮ್‌ನ ಲೆಕ್ಕವೇ ಇಲ್ಲ, ಮುಳ್ಳು ಸೊನ್ನೆ ಕಡೆ ಬಿದ್ದುಕೊಂಡಿತ್ತು. ಅಮ್ಮ ಎಷ್ಟೋ ದಿನದಿಂದ "ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ" ಅನ್ನುತ್ತಿದ್ದರು, ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಎಲಿಮೆಂಟ್ ಬದಲಾಯಿಸಿದ ಮೇಲೆ ಜುಮ್ ಹೋಯಿತು.

ಅಡುಗೆಮನೆಯಲ್ಲಿ ಸಿಕ್ಕಿದ್ದು ಇನ್ನೂ ಕೆಟ್ಟದ್ದು. ಫ್ರಿಡ್ಜ್‌ನ ಸಾಕೆಟ್‌ಗೆ ಅರ್ತ್ ತಂತಿಯೇ ಬಂದಿರಲಿಲ್ಲ. ಬದಲಿಗೆ ನ್ಯೂಟ್ರಲ್ ಪಿನ್ನಿನಿಂದ ಅರ್ತ್ ಪಿನ್ನಿಗೆ ಬೆರಳುದ್ದದ ಒಂದು ತುಂಡು ತಂತಿ ಕೊಟ್ಟಿದ್ದರು. ಟೆಸ್ಟ್ ಮಾಡಿದರೆ ಅರ್ತ್ ಇದ್ದ ಹಾಗೆ ಕಾಣುತ್ತದೆ. ಆ ನ್ಯೂಟ್ರಲ್ ಎಲ್ಲಾದರೂ ಕಟ್ ಆದರೆ ಫ್ರಿಡ್ಜ್ ಬಾಡಿಗೇ ಫೇಸ್ ಬಂದು ಕೂರುತ್ತದೆ. ಇದನ್ನು ಮಾಡಿದವರು ಕೆಲಸ ಗೊತ್ತಿಲ್ಲದವರಲ್ಲ, ಗೊತ್ತಿದ್ದೇ ಮಾಡಿದವರು. ವೈರಿಂಗ್‌ಗೆ ಸೊನ್ನೆ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಪಿಟ್ ವಿಷಯಕ್ಕೆ ಬರುತ್ತೇನೆ. ಸಾಮಾನ್ಯವಾಗಿ ಎಲೆಕ್ಟ್ರಿಷಿಯನ್‌ಗಳು ಅರ್ತ್ ಚೆಕ್ ಮಾಡುವುದು ಬಲ್ಬ್ ಹಿಡಿದು. ಹೋಲ್ಡರ್‌ನ ಒಂದು ತಂತಿ ಫೇಸ್‌ಗೆ, ಇನ್ನೊಂದು ಅರ್ತ್‌ಗೆ. 100 ವ್ಯಾಟ್ ಬಲ್ಬ್ ಜೋರಾಗಿ ಉರಿದರೆ "ಅರ್ತ್ ಫಸ್ಟ್ ಕ್ಲಾಸ್". ಈ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗಿಂತ ಕಮ್ಮಿ. ಪಿಟ್ 50 ಓಮ್ ಇದ್ದರೂ ಅದರಲ್ಲಿ ನಷ್ಟ ಆಗುವುದು ಇಪ್ಪತ್ತು ವೋಲ್ಟ್ ಚಿಲ್ಲರೆ, ಬಲ್ಬ್ ಸ್ವಲ್ಪ ಮಂಕಾಗಿದ್ದು ಕಣ್ಣಿಗೂ ತಿಳಿಯುವುದಿಲ್ಲ. ನಮ್ಮ 38 ಓಮ್ ಪಿಟ್ ಕೂಡ ಬಲ್ಬ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸೇ. ಅಂದ ಹಾಗೆ ಆರ್‌ಸಿಸಿಬಿ ಹಾಕಿದ ಮೇಲೆ ಮನೆಯೊಳಗೆ ಈ ಆಟ ನಡೆಯುವುದಿಲ್ಲ, ಬಲ್ಬ್ ಹಚ್ಚಿದ ಕೂಡಲೇ ಸ್ವಿಚ್ ಬೀಳುತ್ತದೆ. ಸರಿಯಾದ ದಾರಿ ಅರ್ತ್ ಟೆಸ್ಟರ್. ಮೇನ್ ಆಫ್ ಮಾಡಿ, ಪಿಟ್‌ನಿಂದ ಮನೆಯ ತಂತಿ ಬಿಚ್ಚಿ, ದೂರದಲ್ಲಿ ಸಾಲಾಗಿ ಎರಡು ಗೂಟ ಹೊಡೆದು ಅಳೆಯುವುದು. ಗೂಟ ಹೊಡೆಯಲು ಪಕ್ಕದ ಖಾಲಿ ಸೈಟ್ ಇದ್ದಿದ್ದು ನಮ್ಮ ಪುಣ್ಯ.

ಹೊಸ ಪಿಟ್‌ಗೆ ಐಎಸ್ 3043 ಹೇಳುವ ಹಾಗೆ 2.5 ಮೀಟರ್ ಉದ್ದದ ಜಿಐ ಪೈಪ್, ಸುತ್ತ ಇದ್ದಿಲು, ಉಪ್ಪು. ಅಂಗಡಿಯವರು ಕೆಮಿಕಲ್ ಅರ್ತಿಂಗ್ ಮಾಡಿಸಿ ಅಂತ ಹಿಂದೆ ಬಿದ್ದಿದ್ದರು, ಮೂರು ಪಟ್ಟು ರೇಟು. ಬಂಡೆ ನೆಲ, ಒಣ ಮರಳು ನೆಲ ಆದರೆ ಯೋಚನೆ ಮಾಡಬಹುದು. ಮಲೆನಾಡಿನ ಅಂಚಿನ ತೇವದ ಮಣ್ಣಿಗೆ ಒಂದು ಮಾಮೂಲಿ ಪೈಪ್ ಸಾಕು. ಹಳೇ ಪಿಟ್ ಅಗೆದಾಗ ಒಳಗಿನ 8 ನಂಬರ್ ಜಿಐ ತಂತಿ ಪೈಪಿಗೆ ಕಟ್ಟಿದ ಜಾಗದಲ್ಲಿ ಕೈ ಮುಟ್ಟಿದರೆ ಪುಡಿಯಾಗುತ್ತಿತ್ತು. ಉಪ್ಪು ಹಾಕಿದ್ದರ ಫಲ ಅದು, ಅರ್ತ್ ಚೆನ್ನಾಗಿ ಮಾಡುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಈ ಸಲ ಬೋಲ್ಟ್ ಹಾಕಿ ಬಿಗಿದು, ಜಾಯಿಂಟ್ ಕಾಣುವ ಹಾಗೆ ಮೇಲೆ ಚೇಂಬರ್ ಕಟ್ಟಿಸಿದೆವು. ರೀಡಿಂಗ್ 6 ಓಮ್ ಬಂತು. ಅದು ಮಳೆಗಾಲದ ರೀಡಿಂಗ್, ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅಳೆಸಿದರೆ ಏರಿರುತ್ತದೆ. ಬೇಸಿಗೆಯಲ್ಲಿ ಎರಡು ಕೊಡ ನೀರು ಹುಯ್ಯುವುದು ಹಳಬರ ಪದ್ಧತಿ, ಅದು ಸರಿಯಾದದ್ದೇ.

ಇನ್ನು ಆರ್‌ಸಿಸಿಬಿಗೆ ಅರ್ಧ ಮಾರ್ಕ್ ಕಡಿದಿದ್ದು ಯಾಕೆ ಅಂತ. ನಮ್ಮ ಕಡೆ ಗುಡುಗು ಮಿಂಚು ಜಾಸ್ತಿ. ಹತ್ತಿರದಲ್ಲಿ ಸಿಡಿಲು ಹೊಡೆದರೆ ಒಮ್ಮೊಮ್ಮೆ ಇದು ಬೀಳುತ್ತದೆ, ಮನೆಯಲ್ಲಿ ಏನೂ ಆಗಿರುವುದಿಲ್ಲ. ನೀವು ಊರಲ್ಲಿ ಇಲ್ಲದಾಗ ಬಿದ್ದರೆ ಫ್ರಿಡ್ಜ್‌ನಲ್ಲಿದ್ದ ಹಾಲು ಮೊಸರು ಕಥೆ ಮುಗಿಯಿತು. ಮತ್ತೆ ಪ್ರತಿ ಎಲೆಕ್ಟ್ರಾನಿಕ್ ಉಪಕರಣವೂ ಸರಿಯಾಗಿದ್ದಾಗಲೂ ಒಂದಿಷ್ಟು ಸೋರುತ್ತದೆ, ಒಂದೆರಡು ಮಿಲಿಆಂಪಿಯರ್. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಅವೆಲ್ಲ ಕೂಡಿಕೊಂಡು ಹತ್ತರ ಹತ್ತಿರ ಬಂದುಬಿಡುತ್ತದೆ, ಆಮೇಲೆ ಸಣ್ಣ ನೆಪ ಸಾಕು.

ಇದು ಮಾಡದ ಕೆಲಸಗಳನ್ನೂ ಹೇಳಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದುಕೊಂಡರೆ ನೀವು ಅದರ ಕಣ್ಣಿಗೆ ಒಂದು ಬಲ್ಬು ಅಷ್ಟೇ, ಬೀಳುವುದಿಲ್ಲ. ಕಂಬದ ಮೇಲೆ ನ್ಯೂಟ್ರಲ್ ಕಟ್ ಆಗಿ ಮನೆಗೆ 350 ವೋಲ್ಟ್ ನುಗ್ಗಿ ಟಿವಿ ಸುಟ್ಟರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸ್ವಿಚ್ ಬಿದ್ದಿದೆ ಅಂತ ಧೈರ್ಯವಾಗಿ ಬೋರ್ಡಿಗೆ ಕೈ ಹಾಕಬೇಡಿ, ಯುಪಿಎಸ್ ಬ್ಯಾಟರಿಯಿಂದ ಕರೆಂಟ್ ಕೊಡುತ್ತಲೇ ಇರುತ್ತದೆ. ಯುಪಿಎಸ್ ಔಟ್‌ಪುಟ್‌ಗೆ ಬೇರೆ ಆರ್‌ಸಿಸಿಬಿ ಹಾಕಬಹುದು, ಆದರೆ ಅದರ ನ್ಯೂಟ್ರಲ್ ಕೂಡ ಬೇರೆಯೇ ಎಳೆಯಬೇಕು. ನಮ್ಮ ಹಳೇ ಪೈಪುಗಳಲ್ಲಿ ಇನ್ನೊಂದು ತಂತಿ ತೂರಲು ಜಾಗ ಇರಲಿಲ್ಲ, ಬಿಟ್ಟೆವು. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ, ಒಳಗಿನ ಸ್ಪ್ರಿಂಗ್ ಅಂಟಿಕೊಳ್ಳದಿರಲಿ ಅಂತ. ಆದರೆ ಆ ಬಟನ್ ಪರೀಕ್ಷಿಸುವುದು ಸ್ವಿಚ್ಚನ್ನು ಮಾತ್ರ. ಅರ್ತ್ ತಂತಿಯೇ ಇಲ್ಲದ ಮನೆಯಲ್ಲೂ ಬಟನ್ ಒತ್ತಿದರೆ ಅದು ಚೆನ್ನಾಗೇ ಬೀಳುತ್ತದೆ.

ಮತ್ತೆ ಇದರ ರಾಜ್ಯ ನಮ್ಮ ಡಿಬಿಯಿಂದ ಒಳಗೆ ಮಾತ್ರ. ಕಂಬ, ರಸ್ತೆ ಬೇರೆ ಲೋಕ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿ ಹತ್ತಿರ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ, ಬೆಳಗಿನ ಜಾವ ಫುಟ್‌ಪಾತ್ ಮೇಲೆ ತುಂಡಾಗಿ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ ಮತ್ತು ಒಂಬತ್ತು ತಿಂಗಳ ಮಗು ತೀರಿಕೊಂಡಿದ್ದು ನೆನಪಿರಬಹುದು. ನೆಲಕ್ಕೆ ಬಿದ್ದ ತಂತಿಯಲ್ಲಿ ಕರೆಂಟ್ ತಾನಾಗೇ ಹೋಗುವುದಿಲ್ಲವೇ ಅಂತ ಆಗ ಎಲ್ಲರೂ ಕೇಳಿದರು. ಹೋಗಬೇಕು, ಹೋಗದೇ ಇರುವುದೂ ಉಂಟು. ಸಬ್‌ಸ್ಟೇಷನ್‌ನ ಅರ್ತ್ ಫಾಲ್ಟ್ ರಿಲೇ ಕೂಡ ನಮ್ಮ ಆರ್‌ಸಿಸಿಬಿ ಮಾಡುವ ಲೆಕ್ಕವನ್ನೇ ಮಾಡುತ್ತದೆ, ಮೂರೂ ಫೇಸ್ ಕೂಡಿಸಿ ಉಳಿಕೆ ನೋಡುತ್ತದೆ. ಆದರೆ ಅದರ ಮಿತಿ ಮಿಲಿಆಂಪಿಯರ್‌ನಲ್ಲಿ ಇರುವುದಿಲ್ಲ. ಫೀಡರ್‌ನ ಸಿಟಿ (ಲೈನಿನ ಕರೆಂಟ್ ಅಳೆದು ರಿಲೇಗೆ ತಿಳಿಸುವ ಟ್ರಾನ್ಸ್‌ಫಾರ್ಮರ್) 200 ಆಂಪಿಯರ್‌ದು, ರಿಲೇ ಸೆಟ್ಟಿಂಗ್ ಶೇಕಡಾ 20 ಅಂದರೆ 40 ಆಂಪಿಯರ್ ಸೋರುವವರೆಗೆ ಅದು ಅಲುಗಾಡುವುದಿಲ್ಲ. ಒಣ ಡಾಂಬರು, ಒಣ ಮರಳು, ಜಲ್ಲಿಕಲ್ಲಿನ ಮೇಲೆ ಬಿದ್ದ 11 ಕೆವಿ ತಂತಿಯಲ್ಲಿ ಅಷ್ಟು ಹರಿಯುವುದೇ ಇಲ್ಲ. ಸೆಟ್ಟಿಂಗ್ ತೀರಾ ಇಳಿಸಿದರೆ ಕೊಂಬೆ ತಾಗಿದ್ದಕ್ಕೆಲ್ಲ ಇಡೀ ಊರಿನ ಕರೆಂಟ್ ಹೋಗುತ್ತದೆ, ಜನ ಬಯ್ಯುತ್ತಾರೆ. ಟಿಸಿಯಿಂದ ಮನೆ ಕಡೆ ಬರುವ ಲೈನಿನಲ್ಲಿ ಎಷ್ಟೋ ಊರುಗಳಲ್ಲಿ ಬರೀ ಫ್ಯೂಸ್ ಇದೆ, ಅದಂತೂ ನೆಲಕ್ಕೆ ಬಿದ್ದ ತಂತಿಗೆ ಸುಡುವುದು ಅಪರೂಪ. ಹಾಗಾಗಿ ಕಿಡಿ ಕಾಣದೆ, ಸದ್ದಿಲ್ಲದೆ ಬಿದ್ದಿರುವ ತಂತಿಯಲ್ಲೂ ಕರೆಂಟ್ ಇದೆ ಅಂತಲೇ ಲೆಕ್ಕ. ಹತ್ತಿರ ಹೋಗದೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಕಂಬದ ನಂಬರ್ ಕಂಡರೆ ಹೇಳಿ. ತೀರಾ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ, ಎರಡೂ ಪಾದ ಜೋಡಿಸಿ ನೆಲಕ್ಕೆ ಉಜ್ಜಿಕೊಂಡೇ ಹಿಂದೆ ಸರಿಯಿರಿ. ದೊಡ್ಡ ಹೆಜ್ಜೆ ಇಟ್ಟರೆ ಎರಡು ಕಾಲಿನ ಮಧ್ಯೆಯೇ ವೋಲ್ಟೇಜ್ ಬರುತ್ತದೆ. ದನ ಕರುಗಳು ಬೇಗ ಸಾಯುವುದು ಇದಕ್ಕೇ, ಮುಂಗಾಲು ಹಿಂಗಾಲಿನ ನಡುವೆ ದೂರ ಜಾಸ್ತಿ.

ಖರ್ಚಿನ ಲೆಕ್ಕ: ಆರ್‌ಸಿಸಿಬಿ 2,350, ಕೆಲಸದವರಿಗೆ 2,000, ಪಿಟ್‌ಗೆ ಸಾಮಾನು ಕೂಲಿ ಸೇರಿ 5,000ದ ಹತ್ತಿರ, ಗೀಸರ್ ಎಲಿಮೆಂಟ್ ಬೇರೆ. ಕೆಲಸದವರಿಗೆ ಐದಕ್ಕೆ ಐದು. ಅವರು ಹೋಗುವಾಗ ಡಿಬಿ ಬಾಗಿಲ ಒಳಗೆ ಯಾವ ಎಂಸಿಬಿ ಯಾವ ರೂಮಿಗೆ ಅಂತ ಚೀಟಿ ಬರೆದು ಅಂಟಿಸಿದರು, ಕೇಳದೆಯೇ. ನೀವು ಯಾರನ್ನಾದರೂ ಕರೆಸುವ ಮೊದಲು ಎರಡೇ ಪ್ರಶ್ನೆ ಕೇಳಿ: ಮೆಗ್ಗರ್ ಇದೆಯಾ, ಅರ್ತ್ ಟೆಸ್ಟರ್ ಇದೆಯಾ. ಇಲ್ಲ ಅಂದರೆ ಬೇರೆಯವರನ್ನು ನೋಡಿ.

ಉಳಿದಿರುವ ಕೆಲಸ ಒಂದಿದೆ. ಬಚ್ಚಲು, ಸಂಪ್ ಮೋಟರ್, ಹೊರಗಿನ ಲೈಟುಗಳಿಗೆ ಒಂದು ಆರ್‌ಸಿಸಿಬಿ, ಫ್ರಿಡ್ಜ್ ಮತ್ತು ಉಳಿದ ಮನೆಗೆ ಇನ್ನೊಂದು ಮಾಡಬೇಕು. ಆಗ ಮಳೆಗೆ ಪೋರ್ಟಿಕೋ ಲೈಟ್ ತೊಂದರೆ ಕೊಟ್ಟರೂ ಫ್ರಿಡ್ಜ್ ಓಡುತ್ತಿರುತ್ತದೆ. ಅದಕ್ಕೆ ಈಗಿನ 8 ವೇ (ಎಂಟು ಸ್ವಿಚ್ ಜಾಗದ) ಡಿಬಿ ಸಾಲದು, 12 ವೇ ಬೇಕು, ನ್ಯೂಟ್ರಲ್ ಲಿಂಕ್ ಕೂಡ ಎರಡಾಗಬೇಕು. ದೀಪಾವಳಿ ಕಳೆದ ಮೇಲೆ ಮಾಡಿಸುವ ಯೋಚನೆ ಇದೆ, ಹೇಗಾಯಿತು ಅಂತ ಇಲ್ಲೇ ಸೇರಿಸುತ್ತೇನೆ.